ಫೋಟೊ ದುಂಡಗೆ ಕಾಣಬೇಕಾದರೆ ಕತ್ತರಿಸಲೇಬೇಕೆ? ರಾ ಸಾಫ್ಟ್‌ವೇರ್‌ನಲ್ಲಿ ವೃತ್ತಾಕಾರದ ಚೌಕಟ್ಟು ಹಾಕುವುದು ಹೇಗೆ

ಸಾರಾಂಶ

ಫೋಟೊ ದುಂಡಗೆ ಕಾಣಬೇಕಾದರೆ ಅದನ್ನು ದುಂಡಗೆ ಕತ್ತರಿಸಬೇಕು ಎಂದು ಹಲವರು ನಂಬಿದ್ದಾರೆ. ಈ ನಂಬಿಕೆ ತಪ್ಪು. ನಾವು ಬಳಸುವ ಡಿಜಿಟಲ್ ಫೋಟೊಗಳ ಫೈಲ್‌ಗಳೆಲ್ಲ ಆಯತಾಕಾರದಲ್ಲೇ ಇರುತ್ತವೆ. ನಮಗೆ ಕಾಣುವ ವೃತ್ತವು ಮೂಲೆಗಳನ್ನು ಮುಚ್ಚಿದ್ದರ ಫಲ. ಹೀಗೆ ಮುಚ್ಚುವ ಕೆಲಸವನ್ನು ಮೂಲ ಫೋಟೊ ಮುಟ್ಟದೆ ಮಾಡಲು ಡಾರ್ಕ್‌ಟೇಬಲ್, ಲೈಟ್‌ರೂಮ್ ಮುಂತಾದ ರಾ ಸಾಫ್ಟ್‌ವೇರ್‌ಗಳಲ್ಲಿ ದಾರಿ ಇದೆ. ಹಳೆಯ ಕುಟುಂಬದ ಫೋಟೊಗಳ ವಿಷಯದಲ್ಲಂತೂ ನಮ್ಮ ಸಲಹೆ ಒಂದೇ: ಕತ್ತರಿಸಬೇಡಿ, ಮುಚ್ಚಿ.

ಈ ಪ್ರಶ್ನೆ ಯಾಕೆ ಮುಖ್ಯ?

ವಾಟ್ಸ್‌ಆ್ಯಪ್ ಡಿಪಿಗೆ ಒಂದು ಸೆಲ್ಫಿಯನ್ನು ದುಂಡಗೆ ಮಾಡಿಕೊಳ್ಳುವಾಗ ತಪ್ಪಾದರೂ ನಷ್ಟವಿಲ್ಲ, ಇನ್ನೊಂದು ಸೆಲ್ಫಿ ತೆಗೆದರಾಯಿತು. ಆದರೆ ಮತ್ತೆ ತೆಗೆಯಲಾಗದ ಫೋಟೊಗಳೂ ನಮ್ಮ ಮನೆಗಳಲ್ಲಿವೆ.

ಕೋಲಾರ ಜಿಲ್ಲೆಯ ಕೆಜಿಎಫ್ ಇದಕ್ಕೆ ಒಳ್ಳೆಯ ಉದಾಹರಣೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿನ ಚಿನ್ನದ ಗಣಿಗಾರಿಕೆಗೆ ಕೈಹಾಕಿತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಬಂತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್‌ನ ಗಣಿಗಳು ಮುಚ್ಚಿದವು. ಪಾಳಿಯ ಸೈರನ್, ಕೇಜ್‌ನಲ್ಲಿ ಕೆಳಗಿಳಿಯುತ್ತಿದ್ದ ಜನ, ತಲೆಗೆ ಹೆಲ್ಮೆಟ್ ಮತ್ತು ದೀಪ, ಇವೆಲ್ಲ ಈಗ ಹೆಚ್ಚಾಗಿ ಉಳಿದಿರುವುದು ಮನೆಗಳ ಟ್ರಂಕು ಮತ್ತು ಆಲ್ಬಂಗಳಲ್ಲಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಾರಿಕುಪ್ಪಂನ ಒಂದು ಮನೆಯಲ್ಲಿ ಕಪ್ಪು ಬಿಳುಪು ಗುಂಪು ಫೋಟೊ ಇದೆ. ಗಣಿಯ ಹೆಡ್‌ಗೇರ್ ಮುಂದೆ ಒಂದು ಪಾಳಿಯವರೆಲ್ಲ ಸಾಲಾಗಿ ನಿಂತಿದ್ದಾರೆ. ನಡುವೆ ಇರುವವರು ಆ ಮನೆಯ ತಾತ. ತಾತನ ವರ್ಷದ ತಿಥಿಗೆ ಗೋಡೆಯ ಮೇಲಿಡಲು ಒಂದು ದುಂಡನೆಯ ಪಟ ಬೇಕು. ಮನೆಯವರಿಗೆ ಮೊದಲು ತೋಚುವುದು ಎರಡು ದಾರಿ. ಒಂದು, ಕತ್ತರಿ ತೆಗೆದುಕೊಂಡು ಫೋಟೊವನ್ನೇ ದುಂಡಗೆ ಕತ್ತರಿಸುವುದು. ಎರಡು, ಮೊಬೈಲ್‌ನಲ್ಲಿ ಫೋಟೊದ ಫೋಟೊ ತೆಗೆದು ಯಾವುದೋ ಆ್ಯಪ್‌ನಲ್ಲಿ ಕ್ರಾಪ್ ಮಾಡಿ, ಅದೇ ಹೆಸರಿನಲ್ಲಿ ಸೇವ್ ಮಾಡುವುದು. ಎರಡರಲ್ಲೂ ಆಗುವುದು ಒಂದೇ. ನಡುವಿನ ತಾತ ಉಳಿಯುತ್ತಾರೆ. ಸಾಲಿನ ತುದಿಯಲ್ಲಿ ನಿಂತವರು, ಹಿಂದಿನ ಹೆಡ್‌ಗೇರ್, ಮೂಲೆಯಲ್ಲಿದ್ದ ಸ್ಟುಡಿಯೊ ಮುದ್ರೆ, ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದ ಇಸವಿ ಹೋಗುತ್ತವೆ. ತುದಿಯಲ್ಲಿ ನಿಂತವರೂ ಯಾರದೋ ಮನೆಯ ತಾತ. ಅವರ ಮನೆಯಲ್ಲಿ ಬೇರೆ ಫೋಟೊ ಇಲ್ಲದೆಯೂ ಇರಬಹುದು.

ದುಂಡನೆಯ ಫೋಟೊ ಫೈಲ್ ಎಂಬುದು ಇದೆಯೇ?

ಸಾಮಾನ್ಯ ಬಳಕೆಯಲ್ಲಿ ಇಲ್ಲ. ಡಿಜಿಟಲ್ ಫೋಟೊ ಎಂದರೆ ಅಡ್ಡ ಸಾಲು ಮತ್ತು ಉದ್ದ ಸಾಲುಗಳಲ್ಲಿ ಜೋಡಿಸಿದ ಪಿಕ್ಸೆಲ್‌ಗಳು. ಚದುರಂಗದ ಹಲಗೆಯ ಮನೆಗಳಂತೆ ಅಂದುಕೊಳ್ಳಿ. 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರ ಎಂದು ಫೈಲ್‌ನಲ್ಲಿ ಬರೆದಿರುತ್ತದೆ. ಆ ಲೆಕ್ಕದಲ್ಲಿ ಮೂಲೆ ಇದ್ದೇ ಇರುತ್ತದೆ.

ಹಾಗಾದರೆ ಡಿಪಿ ದುಂಡಗೆ ಕಾಣುವುದು ಹೇಗೆ? ವಾಟ್ಸ್‌ಆ್ಯಪ್ ನಿಮ್ಮ ಚೌಕಾಕಾರದ ಫೋಟೊವನ್ನು ಇಟ್ಟುಕೊಂಡು, ತೋರಿಸುವಾಗ ಮಾತ್ರ ಅದರ ಮೂಲೆಗಳನ್ನು ಮರೆಮಾಡುತ್ತದೆ. ಯಾರದಾದರೂ ಡಿಪಿ ಒತ್ತಿ ದೊಡ್ಡದು ಮಾಡಿ ನೋಡಿ, ಚೌಕ ಫೋಟೊ ಪೂರ್ತಿ ಕಾಣುತ್ತದೆ. ಆದ್ದರಿಂದ ಡಿಪಿಗಾಗಿ ಫೋಟೊವನ್ನು ಮೊದಲೇ ದುಂಡಗೆ ಮಾಡುವ ಅಗತ್ಯವೇ ಇಲ್ಲ. ಮುಖ ನಡುವೆ ಬರುವಂತೆ ಚೌಕವಾಗಿ ಕ್ರಾಪ್ ಮಾಡಿದರೆ ಸಾಕು.

ಬೇರೆ ಕಡೆ ಬಳಸುವ ದುಂಡನೆಯ ಫೋಟೊಗಳಲ್ಲಿ ಮೂಲೆಗಳಿಗೆ ಎರಡರಲ್ಲಿ ಒಂದು ಆಗಿರುತ್ತದೆ. ಅವುಗಳಿಗೆ ಒಂದೇ ಬಣ್ಣ ತುಂಬಿರುತ್ತದೆ, ಇಲ್ಲವೇ ಅವನ್ನು ಪಾರದರ್ಶಕ ಮಾಡಿರುತ್ತದೆ. ಜೆಪೆಗ್ ಫೈಲ್‌ಗೆ ಪಾರದರ್ಶಕತೆ ಗೊತ್ತಿಲ್ಲ, ಮೂಲೆಗೆ ಬಣ್ಣ ತುಂಬಲೇಬೇಕು. ಪಿಎನ್‌ಜಿ ಮತ್ತು ವೆಬ್‌ಪಿ ಫೈಲ್‌ಗಳಲ್ಲಿ ಪಾರದರ್ಶಕ ಮೂಲೆ ಸಾಧ್ಯ. ದುಂಡಗೆ ಮಾಡಿದ ಫೋಟೊ ಕಳಿಸಿದ ಮೇಲೆ ಸುತ್ತ ಕಪ್ಪು ಅಥವಾ ಬಿಳಿ ಬಂತಲ್ಲ ಎಂಬ ದೂರಿಗೆ ಹೆಚ್ಚಿನ ಸಲ ಕಾರಣ ಇದೇ: ದಾರಿಯಲ್ಲಿ ಎಲ್ಲೋ ಪಿಎನ್‌ಜಿ ಹೋಗಿ ಜೆಪೆಗ್ ಆಗಿರುತ್ತದೆ.

ಹಿಂದೆ ನಿಜವಾಗಿಯೂ ದುಂಡನೆಯ ಫೋಟೊ ಬರುತ್ತಿತ್ತೇ?

ಬರುತ್ತಿತ್ತು. ಕ್ಯಾಮೆರಾದ ಲೆನ್ಸ್ ಮೂಡಿಸುವ ಬಿಂಬವೇ ದುಂಡಗಿರುತ್ತದೆ. ಅದರ ನಡುವಿನ ಆಯತವನ್ನಷ್ಟೇ ಫಿಲ್ಮ್ ಅಥವಾ ಸೆನ್ಸರ್ ಹಿಡಿದುಕೊಳ್ಳುತ್ತದೆ. ಅಂದರೆ ಮೊದಲು ವೃತ್ತ, ಆಮೇಲೆ ಆಯತ.

1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಮಾರುಕಟ್ಟೆಗೆ ತಂದ ಮೊದಲ ಕೊಡಕ್ ಕ್ಯಾಮೆರಾದಲ್ಲಿ 100 ಫೋಟೊಗಳಿಗೆ ಸಾಲುವ ಸುರುಳಿ ಇರುತ್ತಿತ್ತು. ಅದರಲ್ಲಿ ಬರುತ್ತಿದ್ದ ಫೋಟೊಗಳು ಸುಮಾರು ಎರಡೂವರೆ ಇಂಚು ಅಗಲದ ವೃತ್ತಗಳು. ಆ ಲೆನ್ಸ್‌ನಲ್ಲಿ ಅಂಚಿನ ಚಿತ್ರ ಮಸುಕಾಗುತ್ತಿದ್ದುದರಿಂದ ಒಳಗೆ ದುಂಡನೆಯ ಕಿಂಡಿ ಇಟ್ಟು ಅಂಚನ್ನು ಮರೆಮಾಡಿದ್ದರು. ಇಣುಕುಕಿಂಡಿ ಇಲ್ಲದ ಆ ಕ್ಯಾಮೆರಾವನ್ನು ಸ್ವಲ್ಪ ಓರೆಯಾಗಿ ಹಿಡಿದರೂ ವೃತ್ತದಲ್ಲಿ ಆ ಓರೆ ಅಷ್ಟಾಗಿ ಕಣ್ಣಿಗೆ ಹೊಡೆಯುತ್ತಿರಲಿಲ್ಲ.

ಅದೇ ಕಾಲದ ಮ್ಯಾಜಿಕ್ ಲ್ಯಾಂಟರ್ನ್ ಗಾಜಿನ ಸ್ಲೈಡ್‌ಗಳನ್ನೂ ನೋಡಬಹುದು. ಬ್ರಿಟಿಷ್ ಸ್ಲೈಡ್‌ಗಳು ಮೂರೂಕಾಲು ಇಂಚಿನ ಚೌಕಗಳು. ಚಿತ್ರದ ಗಾಜಿನ ಮೇಲೆ ದುಂಡಗೆ ಅಥವಾ ಕಮಾನಿನಂತೆ ಕಿಂಡಿ ಕೊರೆದ ಕಪ್ಪು ಕಾಗದ ಇಟ್ಟು, ಅದರ ಮೇಲೆ ಇನ್ನೊಂದು ಗಾಜು ಮುಚ್ಚುತ್ತಿದ್ದರು. ಪರದೆಯ ಮೇಲೆ ವೃತ್ತ ಕಾಣುತ್ತಿತ್ತು, ಗಾಜಿನ ಮೇಲಿನ ಚಿತ್ರ ಮಾತ್ರ ಮೂಲೆಯವರೆಗೂ ಹಾಗೆಯೇ ಉಳಿಯುತ್ತಿತ್ತು. ಇಂದಿನ ಸಾಫ್ಟ್‌ವೇರ್‌ಗಳಲ್ಲಿ ‘ಮಾಸ್ಕ್’ ಎನ್ನುವುದು ಈ ಕಪ್ಪು ಕಾಗದದ ಕೆಲಸವನ್ನೇ ಮಾಡುತ್ತದೆ.

ವೃತ್ತ ಹಾಕಿದರೆ ಎಷ್ಟು ಭಾಗ ಕಾಣೆಯಾಗುತ್ತದೆ?

ಶಾಲೆಯಲ್ಲಿ ಕಲಿತ ವೃತ್ತದ ವಿಸ್ತೀರ್ಣದ ಸೂತ್ರದಿಂದಲೇ ಇದನ್ನು ಲೆಕ್ಕ ಹಾಕಬಹುದು. ಫೋಟೊದೊಳಗೆ ಹಿಡಿಸುವ ಅತಿ ದೊಡ್ಡ ವೃತ್ತ ಹಾಕಿದಾಗ ಹೊರಗುಳಿಯುವ ಭಾಗ ಹೀಗಿರುತ್ತದೆ:

- ಚೌಕ ಫೋಟೊದಲ್ಲಿ ಸುಮಾರು 21.5%
- 35×45 ಮಿಲಿಮೀಟರ್ ಪಾಸ್‌ಪೋರ್ಟ್ ಅಳತೆಯ ಫೋಟೊದಲ್ಲಿ ಸುಮಾರು 39%
- ಮೊಬೈಲ್‌ನ 4:3 ಫೋಟೊದಲ್ಲಿ ಸುಮಾರು 41%
- ಡಿಎಸ್‌ಎಲ್‌ಆರ್ ಕ್ಯಾಮೆರಾದ 3:2 ಫೋಟೊದಲ್ಲಿ ಸುಮಾರು 48%

ಅಂದರೆ ಡಿಎಸ್‌ಎಲ್‌ಆರ್ ಫೋಟೊವನ್ನು ದುಂಡಗೆ ಕತ್ತರಿಸಿ ಮೂಲವನ್ನು ಅಳಿಸಿದರೆ ಹೆಚ್ಚುಕಡಿಮೆ ಅರ್ಧ ಫೋಟೊ ಹೋಯಿತು. ನಮ್ಮ ಉದಾಹರಣೆಯ ಗುಂಪು ಫೋಟೊದಲ್ಲಿ ತಾತನ ಮುಖಕ್ಕಷ್ಟೇ ವೃತ್ತ ಹಾಕಿದರೆ ಹೋಗುವುದು ಇನ್ನೂ ಹೆಚ್ಚು.

ಇದಕ್ಕೆ ಉಲ್ಟಾ ಲೆಕ್ಕವೂ ಇದೆ. ಏನನ್ನೂ ಬಿಡದೆ ಇಡೀ 4:3 ಫೋಟೊವನ್ನು ಒಂದು ವೃತ್ತದೊಳಗೆ ಕೂರಿಸಬೇಕಾದರೆ ಆ ವೃತ್ತದ ವ್ಯಾಸ ಫೋಟೊದ ಅಗಲದ 1.25 ಪಟ್ಟು ಇರಬೇಕು. 3, 4, 5 ಅಳತೆಯ ಲಂಬಕೋನ ತ್ರಿಭುಜ ನೆನಪಿದ್ದರೆ ಕಾರಣ ತಾನಾಗಿ ಹೊಳೆಯುತ್ತದೆ. 8 ಇಂಚು ಅಗಲದ ಫೋಟೊಗೆ 10 ಇಂಚಿನ ದುಂಡನೆಯ ಫ್ರೇಮ್ ಬೇಕು. ಗುಂಪು ಫೋಟೊಗಳಿಗೆ ಈ ದಾರಿಯೇ ಒಳ್ಳೆಯದು.

ರಾ ಫೈಲ್ ಎಂದರೇನು? ಈ ಕೆಲಸಕ್ಕೆ ರಾ ಸಾಫ್ಟ್‌ವೇರ್ ಯಾಕೆ?

ಕ್ಯಾಮೆರಾದ ಸೆನ್ಸರ್ ಹಿಡಿದ ಬೆಳಕಿನ ಲೆಕ್ಕವನ್ನು ಬೇಯಿಸದೆ ಹಸಿಯಾಗಿಯೇ ಇಟ್ಟ ಫೈಲ್ ‘ರಾ’. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳಿರುತ್ತವೆ. 12 ಬಿಟ್ ರಾ ಫೈಲ್‌ನಲ್ಲಿ 4,096 ಮತ್ತು 14 ಬಿಟ್ ರಾ ಫೈಲ್‌ನಲ್ಲಿ 16,384 ಹಂತಗಳಿರುತ್ತವೆ. ಮಾಸಿ ಹಳದಿಯಾದ ಹಳೆಯ ಫೋಟೊದಲ್ಲಿ ಕಪ್ಪು ಮತ್ತು ಬಿಳುಪಿನ ನಡುವಿನ ಅಂತರ ಕುಗ್ಗಿರುತ್ತದೆ. ಅದನ್ನು ಹಿಗ್ಗಿಸಿದಾಗ ಜೆಪೆಗ್‌ನಲ್ಲಿ ಪಟ್ಟೆಪಟ್ಟೆಯಾಗಿ ಕಾಣಬಹುದು. ರಾ ಫೈಲ್ ಇದನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ.

ನಮ್ಮ ವಿಷಯಕ್ಕೆ ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ರಾ ಸಾಫ್ಟ್‌ವೇರ್ ಮೂಲ ಫೈಲನ್ನು ತಿದ್ದುವುದಿಲ್ಲ. ನೀವು ಮಾಡಿದ ಬದಲಾವಣೆಗಳನ್ನು ಸೂಚನೆಗಳಾಗಿ ಬೇರೆ ಕಡೆ ಬರೆದಿಡುತ್ತದೆ. ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್ ಈ ಸೂಚನೆಗಳನ್ನು ಫೋಟೊದ ಪಕ್ಕದಲ್ಲೇ ‘ಎಕ್ಸ್‌ಎಂಪಿ’ ಎಂಬ ಸಣ್ಣ ಫೈಲ್‌ನಲ್ಲಿ ಇಡುತ್ತದೆ. ವೃತ್ತ ಬೇಡ ಅನಿಸಿದರೆ ಹತ್ತು ವರ್ಷದ ಮೇಲೂ ತೆಗೆದುಹಾಕಬಹುದು. ಒಂದೇ ಮೂಲದಿಂದ ತಾತನಿಗೊಂದು ವೃತ್ತ, ಪಕ್ಕದಲ್ಲಿ ನಿಂತ ಅವರ ಗೆಳೆಯನಿಗೊಂದು ವೃತ್ತ, ಇಡೀ ಗುಂಪಿಗೊಂದು ಆಯತ ಎಂದು ಬೇರೆ ಬೇರೆ ಆವೃತ್ತಿ ಮಾಡಿಕೊಳ್ಳಬಹುದು. ಡಾರ್ಕ್‌ಟೇಬಲ್‌ನಲ್ಲಿ ಇದಕ್ಕೆ ‘ಡೂಪ್ಲಿಕೇಟ್’ ಆಯ್ಕೆ ಇದೆ.

ನಿಮ್ಮ ಬಳಿ ರಾ ಫೈಲ್ ಇಲ್ಲದೆ ಜೆಪೆಗ್ ಸ್ಕ್ಯಾನ್ ಮಾತ್ರ ಇದ್ದರೆ ಚಿಂತೆ ಬೇಡ. ಈ ಸಾಫ್ಟ್‌ವೇರ್‌ಗಳು ಜೆಪೆಗ್ ಫೈಲನ್ನೂ ತೆರೆಯುತ್ತವೆ, ಅದರ ಮೂಲವನ್ನೂ ಹಾಗೆಯೇ ಕಾಪಾಡುತ್ತವೆ.

ಮೊದಲ ಹೆಜ್ಜೆ: ಹಳೆಯ ಫೋಟೊವನ್ನು ಸರಿಯಾಗಿ ನಕಲು ಮಾಡಿಕೊಳ್ಳುವುದು

- ಫೋಟೊವನ್ನು ಕಿಟಕಿಯ ಪಕ್ಕ ಸಮನಾದ ಮೇಜಿನ ಮೇಲಿಡಿ. ನೇರ ಬಿಸಿಲು ಬೇಡ, ಫ್ಲ್ಯಾಶ್ ಬೇಡ.
- ಫ್ರೇಮ್‌ನ ಗಾಜಿಗೆ ಫೋಟೊ ಅಂಟಿಕೊಂಡಿದ್ದರೆ ಕೀಳಲು ಹೋಗಬೇಡಿ, ಗಾಜಿನ ಸಮೇತ ತೆಗೆಯಿರಿ. ಪ್ರತಿಬಿಂಬ ಬೀಳದ ಜಾಗ ಹುಡುಕಿಕೊಳ್ಳಿ.
- ಕ್ಯಾಮೆರಾ ಅಥವಾ ಮೊಬೈಲ್ ಫೋಟೊಗೆ ಸಮಾನಾಂತರವಾಗಿರಲಿ. ಹಲವು ಮೊಬೈಲ್‌ಗಳಲ್ಲಿ ರಾ ಆಯ್ಕೆ ಇರುತ್ತದೆ, ಇದ್ದರೆ ಬಳಸಿ.
- ನಾಲ್ಕೂ ಮೂಲೆ ಪೂರ್ತಿ ಬರಲಿ, ಸುತ್ತ ಒಂದಿಷ್ಟು ಮೇಜೂ ಕಾಣಲಿ. ಹಿಂಬದಿಯನ್ನೂ ತಪ್ಪದೆ ತೆಗೆಯಿರಿ. ಹೆಸರು, ಇಸವಿ, ಸ್ಟುಡಿಯೊ ಮುದ್ರೆ ಅಲ್ಲೇ ಇರಬಹುದು.
- ದುಂಡನೆಯ ಪಟಕ್ಕೆ ಒಬ್ಬರ ಮುಖ ಮಾತ್ರ ಬೇಕಿದ್ದರೆ ಆ ಭಾಗವನ್ನು ಹತ್ತಿರದಿಂದ ಇನ್ನೊಂದು ಫೋಟೊ ತೆಗೆದುಕೊಳ್ಳಿ. ಇದರ ಕಾರಣ ಮುಂದೆ ಮುದ್ರಣದ ಭಾಗದಲ್ಲಿದೆ.

ಡಾರ್ಕ್‌ಟೇಬಲ್‌ನಲ್ಲಿ ವೃತ್ತ ಹಾಕುವುದು ಹೇಗೆ?

ಡಾರ್ಕ್‌ಟೇಬಲ್‌ನಲ್ಲಿ ‘ಫ್ರೇಮಿಂಗ್’ ಎಂಬ ಮಾಡ್ಯೂಲ್ ಇದೆ. ಹೆಸರು ನೋಡಿ ಹಲವರು ಮೊದಲು ಅಲ್ಲಿಗೇ ಹೋಗುತ್ತಾರೆ. ಆದರೆ ಅದು ಹಾಕುವುದು ಆಯತಾಕಾರದ ಅಂಚು ಮಾತ್ರ. ದುಂಡಗೆ ಮಾಡಲು ಬೇರೆ ಮೂರು ದಾರಿಗಳಿವೆ. ಮೂರಕ್ಕೂ ಮೊದಲು ಎರಡು ಕೆಲಸ ಮುಗಿಸಿಕೊಳ್ಳಿ: ಫೋಟೊದ ಓರೆ ತಿದ್ದಿ, ಆಮೇಲೆ ‘ಕ್ರಾಪ್’ ಮಾಡ್ಯೂಲ್‌ನಲ್ಲಿ ಅಳತೆಯನ್ನು ಚೌಕಕ್ಕೆ ಹೊಂದಿಸಿ. ವೃತ್ತ ಹಾಕಿದ ಮೇಲೆ ಓರೆ ತಿದ್ದಲು ಹೋದರೆ ವೃತ್ತ ಮೊಟ್ಟೆಯಾಕಾರಕ್ಕೆ ತಿರುಗಬಹುದು.

*1. ಸುಲಭದ ದಾರಿ: ವಿಗ್ನೆಟಿಂಗ್*

ಇದು ಫೋಟೊದ ಅಂಚನ್ನು ಮೆಲ್ಲಗೆ ಕಪ್ಪಾಗಿಸುವ ಮಾಡ್ಯೂಲ್. ಮೆಲ್ಲಗೆ ಎನ್ನುವುದನ್ನು ತೆಗೆದರೆ ಇದೇ ವೃತ್ತದ ಚೌಕಟ್ಟಾಗುತ್ತದೆ. ‘ಫಾಲ್-ಆಫ್ ಸ್ಟ್ರೆಂತ್’ ಅನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಿ. ‘ಬ್ರೈಟ್‌ನೆಸ್’ ಅನ್ನು −1 ಮಾಡಿದರೆ ಮೂಲೆಗಳು ಕಪ್ಪಾಗುತ್ತವೆ, +1 ಮಾಡಿದರೆ ಬಿಳಿಯಾಗುತ್ತವೆ. ‘ಶೇಪ್’ 1 ಇರಲಿ. ‘ಸ್ಕೇಲ್’ ಅನ್ನು ಹಿಂದೆ ಮುಂದೆ ಎಳೆದು ವೃತ್ತದ ಗಾತ್ರವನ್ನು ಕಣ್ಣಳತೆಯಲ್ಲಿ ಹೊಂದಿಸಿ. ಫಾಲ್-ಆಫ್ ಪೂರ್ತಿ ಸೊನ್ನೆಯಾದರೆ ಅಂಚು ಮೆಟ್ಟಿಲಿನಂತೆ ಒರಟಾಗಿ ಕಾಣಬಹುದು, ಒಂದು ಕೂದಲಷ್ಟು ಮೃದು ಉಳಿಸಿಕೊಳ್ಳಿ.

*2. ಬೇಕಾದ ಜಾಗಕ್ಕೆ ವೃತ್ತ: ಎಕ್ಸ್‌ಪೋಷರ್ ಮತ್ತು ಮಾಸ್ಕ್*

‘ಎಕ್ಸ್‌ಪೋಷರ್’ ಮಾಡ್ಯೂಲ್‌ನ ಇನ್ನೊಂದು ಪ್ರತಿಯನ್ನು ತೆರೆಯಿರಿ. ಅದರಲ್ಲಿ ‘ಡ್ರಾನ್ ಮಾಸ್ಕ್’ ಆರಿಸಿ, ವೃತ್ತದ ಗುರುತು ಒತ್ತಿ, ಮುಖದ ಮೇಲೆ ವೃತ್ತ ಇಡಿ. ಮೌಸ್‌ನ ಚಕ್ರ ತಿರುಗಿಸಿದರೆ ಗಾತ್ರ ಬದಲಾಗುತ್ತದೆ. ಶಿಫ್ಟ್ ಒತ್ತಿ ತಿರುಗಿಸಿದರೆ ಅಂಚಿನ ಮೃದುತನ ಬದಲಾಗುತ್ತದೆ. ನಂತರ ಮಾಸ್ಕನ್ನು ತಿರುವುಮುರುವು ಮಾಡಿ, ಆಗ ಬದಲಾವಣೆ ವೃತ್ತದ ಹೊರಗೆ ಮಾತ್ರ ತಾಗುತ್ತದೆ. ಈಗ ಎಕ್ಸ್‌ಪೋಷರ್ ಅನ್ನು −18 ಇವಿಗೆ ಇಳಿಸಿ. ಸ್ಲೈಡರ್ ಅಷ್ಟು ದೂರ ಹೋಗದಿದ್ದರೆ ಅದರ ಮೇಲೆ ಬಲಗ್ಲಿಕ್ ಮಾಡಿ ಸಂಖ್ಯೆ ಟೈಪ್ ಮಾಡಬಹುದು.

ಒಂದು ಇವಿ ಇಳಿಸಿದರೆ ಬೆಳಕು ಅರ್ಧವಾಗುತ್ತದೆ. 18 ಸಲ ಅರ್ಧ ಮಾಡಿದರೆ ಉಳಿಯುವುದು 2,62,144 ಭಾಗಗಳಲ್ಲಿ ಒಂದು ಭಾಗ. ಹಾಗಾಗಿ ಹೊರಗಿನದೆಲ್ಲ ಕಪ್ಪಾಗಿ ಕಾಣುತ್ತದೆ. ವೃತ್ತವನ್ನು ಎಲ್ಲಿಗೆ ಬೇಕಾದರೂ ಸರಿಸಬಹುದು ಎನ್ನುವುದು ಈ ದಾರಿಯ ಅನುಕೂಲ. ಬಿಳಿ ಮೂಲೆ ಬೇಕಿದ್ದರೆ ಇದು ಬೇಡ, ಮೊದಲನೆಯದು ಅಥವಾ ಮೂರನೆಯದು ಬಳಸಿ.

*3. ಅಚ್ಚುಕಟ್ಟಾದ ದಾರಿ: ವಾಟರ್‌ಮಾರ್ಕ್*

ವಾಟರ್‌ಮಾರ್ಕ್ ಮಾಡ್ಯೂಲ್ ಇರುವುದು ಫೋಟೊದ ಮೇಲೆ ಹೆಸರು ಅಥವಾ ಲೋಗೊ ಹಾಕಲು. ಅದು ‘ಎಸ್‌ವಿಜಿ’ ಎಂಬ ರೇಖಾಚಿತ್ರದ ಫೈಲನ್ನು ಫೋಟೊದ ಮೇಲೆ ಇಡುತ್ತದೆ. ಆ ರೇಖಾಚಿತ್ರವೇ ನಡುವೆ ದುಂಡನೆಯ ಕಿಂಡಿ ಇರುವ ಬಿಳಿ ಚೌಕವಾಗಿದ್ದರೆ? ಲ್ಯಾಂಟರ್ನ್ ಸ್ಲೈಡ್‌ನ ಕಾಗದ ಸಿಕ್ಕಂತಾಯಿತು.

ಉಚಿತ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ನಲ್ಲಿ ಒಂದು ಚೌಕ ಬರೆದು, ಅದರ ಮೇಲೆ ಒಂದು ವೃತ್ತ ಬರೆಯಿರಿ. ಎರಡನ್ನೂ ಆರಿಸಿ ‘ಪಾತ್’ ಮೆನುವಿನಲ್ಲಿ ‘ಡಿಫರೆನ್ಸ್’ ಒತ್ತಿದರೆ ಚೌಕದಲ್ಲಿ ತೂತು ಬೀಳುತ್ತದೆ. ಬಣ್ಣ ನಿಮ್ಮಿಷ್ಟ. ಪುಟದ ಅಳತೆಯೂ ಆ ಚೌಕದಷ್ಟೇ ಇರಲಿ. ಅದನ್ನು ಎಸ್‌ವಿಜಿಯಾಗಿ ಉಳಿಸಿ, ಡಾರ್ಕ್‌ಟೇಬಲ್‌ನ ಸೆಟ್ಟಿಂಗ್ ಫೋಲ್ಡರ್ ಒಳಗಿನ ‘ವಾಟರ್‌ಮಾರ್ಕ್ಸ್’ ಫೋಲ್ಡರ್‌ಗೆ ಹಾಕಿ. ನಂತರ ಮಾಡ್ಯೂಲ್‌ನಲ್ಲಿ ಆ ಫೈಲ್ ಆರಿಸಿ, ‘ಒಪಾಸಿಟಿ’ ಮತ್ತು ‘ಸ್ಕೇಲ್’ ಎರಡನ್ನೂ 100 ಮಾಡಿ, ಜಾಗವನ್ನು ನಡುವಿಗೆ ಹೊಂದಿಸಿ. ರೇಖಾಚಿತ್ರ ಎಷ್ಟು ದೊಡ್ಡದಾದರೂ ಒಡೆಯುವುದಿಲ್ಲ, ಹಾಗಾಗಿ ಅಂಚು ನುಣುಪಾಗಿ ಬರುತ್ತದೆ. ಒಮ್ಮೆ ಮಾಡಿಟ್ಟುಕೊಂಡರೆ ನೂರು ಫೋಟೊಗಳಿಗೆ ಬಳಸಬಹುದು. ವೃತ್ತದ ಸುತ್ತ ತೆಳುವಾದ ಚಿನ್ನದ ಬಣ್ಣದ ಗೆರೆ ಬೇಕೆಂದರೆ ಅದನ್ನೂ ಇಲ್ಲೇ ಬರೆದುಕೊಳ್ಳಬಹುದು.

ಲೈಟ್‌ರೂಮ್ ಬಳಸುವವರು ಏನು ಮಾಡಬೇಕು?

ಫೋಟೊವನ್ನು 1:1 ಅಳತೆಗೆ ಕ್ರಾಪ್ ಮಾಡಿ. ‘ಎಫೆಕ್ಟ್ಸ್’ ವಿಭಾಗದ ‘ಪೋಸ್ಟ್-ಕ್ರಾಪ್ ವಿಗ್ನೆಟಿಂಗ್’ನಲ್ಲಿ ‘ಫೆದರ್’ 0, ‘ರೌಂಡ್‌ನೆಸ್’ +100 ಮಾಡಿ. ‘ಅಮೌಂಟ್’ −100 ಇಟ್ಟರೆ ಕಪ್ಪು, +100 ಇಟ್ಟರೆ ಬಿಳಿ. ‘ಮಿಡ್‌ಪಾಯಿಂಟ್’ ಇಳಿಸಿದಷ್ಟೂ ವೃತ್ತ ಚಿಕ್ಕದಾಗುತ್ತದೆ. ಮೂಲ ಫೈಲ್ ಇಲ್ಲಿಯೂ ಬದಲಾಗುವುದಿಲ್ಲ.

ಮೂಲೆಗಳು ಪಾರದರ್ಶಕವಾಗಿರಬೇಕಾದರೆ?

ಬಂಗಾರಪೇಟೆಯ ಒಂದು ಪಾನಿಪುರಿ ಅಂಗಡಿಯವರು ತಮ್ಮ ತಟ್ಟೆಯ ಫೋಟೊವನ್ನು ದುಂಡನೆಯ ಗುರುತಾಗಿ ಮಾಡಿಕೊಂಡು ಬ್ಯಾನರ್, ಬಿಲ್, ಟೀ ಶರ್ಟ್ ಎಲ್ಲದರ ಮೇಲೂ ಹಾಕಬೇಕು ಅಂದುಕೊಳ್ಳೋಣ. ಬ್ಯಾನರ್ ಕೆಂಪು, ಬಿಲ್ ಬಿಳಿ, ಟೀ ಶರ್ಟ್ ಕಪ್ಪು. ಮೂಲೆಗೆ ಯಾವ ಬಣ್ಣ ತುಂಬಿದರೂ ಒಂದಲ್ಲ ಒಂದು ಕಡೆ ಆಭಾಸ. ಇಲ್ಲಿ ಬೇಕಿರುವುದು ಪಾರದರ್ಶಕ ಮೂಲೆ.

ಡಾರ್ಕ್‌ಟೇಬಲ್‌ನಿಂದ ಹೊರಬರುವ ಪಿಎನ್‌ಜಿಯಲ್ಲಿ ಪಾರದರ್ಶಕ ಮೂಲೆ ಸಿಗುವುದಿಲ್ಲ. ಈ ಕೊನೆಯ ಹೆಜ್ಜೆಗೆ ಜಿಂಪ್ ಎಂಬ ಉಚಿತ ಸಾಫ್ಟ್‌ವೇರ್ ಬಳಸಿ. ಬಣ್ಣ, ಬೆಳಕು ತಿದ್ದಿದ ಚೌಕ ಫೋಟೊವನ್ನು ಡಾರ್ಕ್‌ಟೇಬಲ್‌ನಿಂದ ಟಿಫ್ ಅಥವಾ ಪಿಎನ್‌ಜಿಯಾಗಿ ಹೊರತನ್ನಿ. ಜಿಂಪ್‌ನಲ್ಲಿ ತೆರೆದು ‘ಎಲಿಪ್ಸ್ ಸೆಲೆಕ್ಟ್’ ಉಪಕರಣವನ್ನು 1:1 ಅಳತೆಗೆ ಕಟ್ಟಿಹಾಕಿ ವೃತ್ತ ಎಳೆಯಿರಿ. ನಂತರ ಲೇಯರ್ ಮೆನುವಿನಿಂದ ‘ಆ್ಯಡ್ ಲೇಯರ್ ಮಾಸ್ಕ್’ ಆರಿಸಿ, ಅದರಲ್ಲಿ ‘ಸೆಲೆಕ್ಷನ್’ ಒತ್ತಿ. ಮೂಲೆಗಳು ಮರೆಯಾಗುತ್ತವೆ, ಅಳಿಯುವುದಿಲ್ಲ. ಕೊನೆಗೆ ಪಿಎನ್‌ಜಿಯಾಗಿ ಎಕ್ಸ್‌ಪೋರ್ಟ್ ಮಾಡಿ. ಕಳಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಿ, ಆಗ ಫೈಲ್ ಇದ್ದ ಹಾಗೇ ತಲುಪುತ್ತದೆ.

ಮುದ್ರಿಸಿ ಗೋಡೆಗೆ ಹಾಕುವಾಗ ಏನು ಗಮನಿಸಬೇಕು?

ಒಳ್ಳೆಯ ಮುದ್ರಣಕ್ಕೆ ಸಾಮಾನ್ಯವಾಗಿ ಇಂಚಿಗೆ 300 ಪಿಕ್ಸೆಲ್ ಲೆಕ್ಕ. 6 ಇಂಚು ವ್ಯಾಸದ ವೃತ್ತಕ್ಕೆ 1,800 ಪಿಕ್ಸೆಲ್ ಬೇಕು. ಇಡೀ ಗುಂಪನ್ನು ಒಂದೇ ಸಲ ತೆಗೆದ ಫೋಟೊದಲ್ಲಿ ತಾತನ ಮುಖ 400 ಪಿಕ್ಸೆಲ್ ಅಗಲ ಮಾತ್ರ ಇದ್ದರೆ, ಅದು ಚೆನ್ನಾಗಿ ಮುದ್ರಣವಾಗುವುದು ಒಂದೂಕಾಲು ಇಂಚು ಚಿಲ್ಲರೆ ಅಗಲಕ್ಕಷ್ಟೇ. ಮುಖವನ್ನು ಹತ್ತಿರದಿಂದ ಪ್ರತ್ಯೇಕವಾಗಿ ತೆಗೆಯಿರಿ ಎಂದು ಮೊದಲೇ ಹೇಳಿದ್ದು ಇದಕ್ಕಾಗಿ.

ಮುಖ ವೃತ್ತದ ಅಂಚಿಗೆ ತಾಗದಂತೆ, ತಲೆಯ ಮೇಲೆ ಸ್ವಲ್ಪ ಜಾಗ ಬಿಡಿ. ಆಯತದಲ್ಲಿ ಸರಿ ಕಂಡ ಭುಜಗಳು ವೃತ್ತದಲ್ಲಿ ಕಡಿದಂತೆ ಕಾಣಬಹುದು. ಫ್ರೇಮ್‌ನ ಕಿಂಡಿ 6 ಇಂಚಿದ್ದರೆ ಚಿತ್ರ ಆರೂಕಾಲು ಇಂಚು ಇರಲಿ, ಇಲ್ಲದಿದ್ದರೆ ಅಂಚಿನಲ್ಲಿ ಬಿಳಿ ಗೆರೆ ಇಣುಕುತ್ತದೆ.

ಇದಕ್ಕಿಂತ ಒಳ್ಳೆಯ ಉಪಾಯವೂ ಇದೆ. ಫ್ರೇಮ್ ಹಾಕುವವರಿಗೆ ನಡುವೆ ದುಂಡನೆಯ ಕಿಂಡಿ ಕೊರೆದ ಮೌಂಟ್ ಬೋರ್ಡ್ ಹಾಕಿಕೊಡಲು ಹೇಳಿ. ಆಗ ಮುದ್ರಿತ ಫೋಟೊವನ್ನೂ ದುಂಡಗೆ ಕತ್ತರಿಸಬೇಕಿಲ್ಲ, ಬೋರ್ಡ್‌ನ ಹಿಂದೆ ಚೌಕವಾಗಿಯೇ ಕೂರುತ್ತದೆ. ಫ್ರೇಮ್‌ಗೆ ಹಳೆಯ ಮೂಲ ಫೋಟೊ ಕೊಡಬೇಡಿ, ಹೊಸದಾಗಿ ಮುದ್ರಿಸಿದ್ದನ್ನು ಕೊಡಿ.

ಕೆಲವು ಸಾಮಾನ್ಯ ತಪ್ಪು ನಂಬಿಕೆಗಳು

*‘ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕು.’* ಬೇಡ. ಡಾರ್ಕ್‌ಟೇಬಲ್, ಇಂಕ್‌ಸ್ಕೇಪ್, ಜಿಂಪ್ ಮೂರೂ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ನಡೆಯುತ್ತವೆ.

*‘ಸ್ಕ್ರೀನ್‌ಶಾಟ್ ತೆಗೆದು ಕ್ರಾಪ್ ಮಾಡಿದರೂ ಒಂದೇ.’* ಅಲ್ಲ. ಸ್ಕ್ರೀನ್‌ಶಾಟ್‌ನಲ್ಲಿ ಪರದೆಯಲ್ಲಿರುವಷ್ಟೇ ಪಿಕ್ಸೆಲ್ ಸಿಗುತ್ತದೆ. 4000 ಪಿಕ್ಸೆಲ್ ಅಗಲದ ಫೋಟೊ ಸಾವಿರ ಚಿಲ್ಲರೆಗೆ ಇಳಿಯಬಹುದು.

*‘ಆನ್‌ಲೈನ್‌ನಲ್ಲಿ ಅಪ್‌ಲೋಡ್ ಮಾಡಿದರೆ ಒಂದೇ ಕ್ಲಿಕ್‌ನಲ್ಲಿ ಆಗುತ್ತದೆ.’* ಆಗುತ್ತದೆ. ಆದರೆ ನಿಮ್ಮ ಮನೆಯವರ ಫೋಟೊ ಇನ್ನೊಬ್ಬರ ಸರ್ವರ್‌ಗೆ ಹೋಗುತ್ತದೆ. ಗುರುತಿನ ಚೀಟಿ, ಮಕ್ಕಳ ಫೋಟೊ ಇದ್ದರಂತೂ ಈ ದಾರಿ ಬೇಡ. ನಿಮ್ಮ ಕಂಪ್ಯೂಟರ್‌ನಲ್ಲೇ ಮಾಡುವ ಕೆಲಸ ಮನೆಯೊಳಗೇ ಉಳಿಯುತ್ತದೆ.

*‘ರಾ ಸಾಫ್ಟ್‌ವೇರ್ ಬಳಸಿದರೆ ಫೋಟೊ ಎಂದಿಗೂ ಹಾಳಾಗುವುದಿಲ್ಲ.’* ಇದು ಅರ್ಧ ಸತ್ಯ. ಸಾಫ್ಟ್‌ವೇರ್ ಮೂಲವನ್ನು ತಿದ್ದುವುದಿಲ್ಲ ನಿಜ, ಆದರೆ ಹಾರ್ಡ್ ಡಿಸ್ಕ್ ಕೆಟ್ಟರೆ ಎಲ್ಲವೂ ಹೋಗುತ್ತದೆ. ಮೂಲ ಫೈಲ್ ಮತ್ತು ಅದರ ಎಕ್ಸ್‌ಎಂಪಿ ಫೈಲ್ ಎರಡನ್ನೂ ಕನಿಷ್ಠ ಎರಡು ಬೇರೆ ಜಾಗಗಳಲ್ಲಿ ಇಟ್ಟುಕೊಳ್ಳಿ.

ತೀರ್ಮಾನ

ಫೋಟೊ ದುಂಡಗೆ ಕಾಣಲು ಅದನ್ನು ಕತ್ತರಿಸಬೇಕು ಎನ್ನುವುದು ತಪ್ಪು ನಂಬಿಕೆ. ಗಾಜಿನ ಸ್ಲೈಡ್‌ಗಳ ಕಾಲದಲ್ಲೂ ಚಿತ್ರದ ಮೇಲೆ ಕಿಂಡಿಯ ಕಾಗದ ಇಟ್ಟು ಮುಚ್ಚುತ್ತಿದ್ದರು, ಇಂದಿನ ಸಾಫ್ಟ್‌ವೇರ್‌ಗಳಲ್ಲೂ ಅದೇ ತತ್ತ್ವ. ಡಿಪಿಗೆ ಚೌಕ ಸಾಕು. ಪಟಕ್ಕೆ ಬಣ್ಣದ ಮೂಲೆ ಅಥವಾ ಮೌಂಟ್ ಬೋರ್ಡ್ ಸಾಕು. ಲೋಗೊಗೆ ಪಾರದರ್ಶಕ ಪಿಎನ್‌ಜಿ ಬೇಕು.

ಮಾರಿಕುಪ್ಪಂನ ಆ ಮನೆಯವರಿಗೆ ನಾವು ಹೇಳುವುದು ಇಷ್ಟೇ. ಗೋಡೆಗೆ ತಾತನ ದುಂಡನೆಯ ಪಟ ಹಾಕಿ. ಇಡೀ ಗುಂಪು ಫೋಟೊವನ್ನು ನಾಲ್ಕು ಮೂಲೆಗಳೊಂದಿಗೆ ಆಲ್ಬಂನಲ್ಲಿಡಿ, ಅದರ ಡಿಜಿಟಲ್ ಪ್ರತಿಯನ್ನೂ ಜೋಪಾನ ಮಾಡಿ. ಮನೆಯ ಹಿರಿಯರು ಇರುವಾಗಲೇ ಅವರನ್ನು ಕೂರಿಸಿಕೊಂಡು, ಎಡದಿಂದ ಬಲಕ್ಕೆ ಯಾರು ಯಾರು ನಿಂತಿದ್ದಾರೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಸಾಲಿನ ತುದಿಯಲ್ಲಿ ನಿಂತವರ ಮನೆಯವರು ಎಲ್ಲಿದ್ದಾರೆಂದು ಗೊತ್ತಿದ್ದರೆ ಅವರಿಗೂ ಒಂದು ಪ್ರತಿ ಕಳಿಸಿ.